ಬಿಳಿಮೀನಿಗೊಂದು ರೇಷನ್ ಕಾರ್ಡು

ಈ ದೇಶದಲ್ಲಿ ಬದುಕಿರಲು ಎರಡು ಬೇಕು: ಉಸಿರು, ದಾಖಲೆ. ಉಸಿರು ನಿಂತರೂ ಹೇಗೋ ನಡೆದೀತು, ಕೆಲವರಿಗೆ ಪಿಂಚಣಿ ಬರುತ್ತಲೇ ಇರುತ್ತದೆ. ದಾಖಲೆ ಇಲ್ಲದಿದ್ದರೆ ದೇವರೇ ಗತಿ. ಮುಳ್ಳೂರಿನ ಮಗ್ಗುಲಲ್ಲಿ ಹರಿಯುವ ಕಾವೇರಿಯ ಬಿಳಿಮೀನು ಈ ಪಾಡನ್ನು ಪೂರ್ತಿ ಉಂಡಿದೆ.

ಗೂನುಬೆನ್ನಿನ ಈ ದೈತ್ಯನನ್ನು ಮಹಸೀರ್ ಎಂದು ಕರೆದು ಬ್ರಿಟಿಷ್ ದೊರೆಗಳು ಗಾಳ ಹೊತ್ತು ಬಂದರು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನದನ್ನು ದಡಕ್ಕೆಳೆದರು. ಆ ಕಬಿನಿಯೇ ತಿರುಮಕೂಡಲಿನಲ್ಲಿ ಕಾವೇರಿ ಸೇರಿ ನಮ್ಮ ಕಡೆಗೆ ಬರುವುದು. ತೂಕ ದಾಖಲೆಯಾಯಿತು, ಸರಿಯಾದ ಲ್ಯಾಟಿನ್ ಹೆಸರು ಮಾತ್ರ ಸಿಗಲಿಲ್ಲ. ಟಾರ್ ಮುಸ್ಸುಲ್ಲಾ ಎಂದೇ ಬಹಳ ಕಾಲ ಬರೆದುಕೊಂಡು ಬಂದರು. ಅದು ಕೃಷ್ಣಾ ಕಣಿವೆಯ ಬೇರೊಂದು ಮೀನಿಗೆ 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಇಟ್ಟ ಹೆಸರು. ಯಾರದೋ ಕಾರ್ಡಿನಲ್ಲಿ ಯಾರೋ ಅಕ್ಕಿ ತಂದ ಹಾಗೆ.

ಅಳಿವಿನ ಪಟ್ಟಿಗೆ ಸೇರಬೇಕಾದರೂ ಅರ್ಜಿಯ ಮೊದಲ ಕಾಲಂ ಅದೇ ಹೆಸರು. ಊಹಿಸಿಕೊಳ್ಳಿ:

“ಬಿಳಿಮೀನು ಕಾಣ್ತಾನೇ ಇಲ್ಲ ಕನ ಸಾಮಿ.”

“ಯಾವ ಪ್ರಭೇದ?”

“ಬಿಳಿಮೀನು ಸಾಮಿ.”

“ಅದು ಹೆಸರಲ್ಲಪ್ಪ. ಮೊದಲು ಹೆಸರು ತಗೊಂಡು ಬಾ, ಆಮೇಲೆ ಸಾಯಲಿ.”

2007ರಲ್ಲಿ ಇಬ್ಬರು ವಿಜ್ಞಾನಿಗಳು ಕೇರಳದ ಪಾಂಬಾರ್ ಹೊಳೆಯ ಸಣ್ಣ ಮೀನುಗಳನ್ನು ನೋಡಿ ಟಾರ್ ರೆಮಾದೇವಿ ಎಂದು ಹೆಸರಿಟ್ಟಿದ್ದರು. ಪಾಂಬಾರ್ ಕೂಡ ಕೊನೆಗೆ ಕಾವೇರಿಗೇ ಬರುವ ನೀರು. ಆ ಸಣ್ಣವೂ ಈ ದೈತ್ಯನೂ ಒಂದೇ ಎಂದು ಅಚ್ಚಾಗುವ ಹೊತ್ತಿಗೆ 2018 ಬಂತು. ಅದೇ ವರ್ಷ ಅಳಿವಿನ ಪಟ್ಟಿ ಬರೆಯುವ ಐಯುಸಿಎನ್ ಸಂಸ್ಥೆ ‘ತೀವ್ರ ಅಪಾಯದಲ್ಲಿದೆ’ ಎಂದು ಮುದ್ರೆ ಒತ್ತಿತು. ಕಾರ್ಡು ಕೈಗೆ ಬಂತು, ನೇರ ಐಸಿಯುಗೆ ದಾಖಲು.

ಅಷ್ಟರಲ್ಲಿ ನದಿಗೆ ಒಂದು ಉಪಕಾರವೂ ನಡೆದುಹೋಗಿತ್ತು. ಮಹಸೀರ್ ಉಳಿಸುತ್ತೇವೆಂದು ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿದ ನೀಲಿರೆಕ್ಕೆಯ ತಳಿಯನ್ನು ಕಾವೇರಿಗೆ ತಂದು ಬಿಟ್ಟರು. ಗಾಳದಲ್ಲಿ ಹಿಡಿದು ಮತ್ತೆ ನೀರಿಗೇ ಬಿಡುವವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕ ನೋಡಿದರೆ, ಆಹಾ, ಮಹಸೀರ್ ಹೆಚ್ಚಿದೆ! ಹೆಚ್ಚಿದ್ದು ಬಂದವರು, ಇದ್ದವರು ಕರಗುತ್ತಿದ್ದರು. ಎಲ್ಲವೂ ಮಹಸೀರೇ ಆದ್ದರಿಂದ ತಲೆಯೆಣಿಕೆ ಸೊಗಸಾಗಿತ್ತು. ಹಾಗಾಗಿ ಲ್ಯಾಟಿನ್ನನ್ನು ಬೈಯುವುದಕ್ಕೂ ನನಗೆ ಬಾಯಿಲ್ಲ. ಅದು ಇಲ್ಲದ್ದೇ ಕುತ್ತಾಯಿತು. ನಮ್ಮ ‘ಬಿಳಿಮೀನು’ ಕೂಡ ಧಾರಾಳಿ, ಬೇರೆ ಮಹಸೀರುಗಳನ್ನೂ ಅದರೊಳಗೇ ಸೇರಿಸಿಕೊಳ್ಳುತ್ತದೆ.

ಕಾರ್ಡಿದ್ದವರ ಪಾಡಾದರೂ ನೆಟ್ಟಗಿದೆಯೇ? ಹೊಲದ ಬದುವಿನ ಕರಿಜಾಲಿ ಅಕೇಶಿಯ ಕುಲದಲ್ಲಿ ನಿಶ್ಚಿಂತೆಯಾಗಿತ್ತು. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಸಸ್ಯಶಾಸ್ತ್ರಜ್ಞರು ಆ ಹೆಸರನ್ನು ಆಸ್ಟ್ರೇಲಿಯದ ಮರಗಳಿಗೆ ಕೊಟ್ಟರು. ಮತ ಹಾಕಿದವರಲ್ಲಿ ಬೇಡವೆಂದವರೇ ಹೆಚ್ಚು. ಆದರೆ ಸಮಿತಿಯ ಶಿಫಾರಸನ್ನು ತಳ್ಳಿಹಾಕಲು ಶೇಕಡಾ 60 ಬೇಕಿತ್ತು, ಸಿಕ್ಕಿದ್ದು 55ರ ಆಸುಪಾಸು. ನಮ್ಮ ಪಂಚಾಯಿತಿಯವರ ಕಿವಿಗೆ ಇದು ಬಿದ್ದರೆ ವಿಯೆನ್ನಾಕ್ಕೆ ಅಧ್ಯಯನ ಪ್ರವಾಸ ಹೊರಟಾರು. ಕರಿಜಾಲಿ ಈಗ ವಾಚೆಲಿಯ. ಅದರ ಮುಳ್ಳಿಗೆ ಆದೇಶ ಇನ್ನೂ ತಲುಪಿಲ್ಲ, ಹಳೆಯ ಹಾಗೇ ಚುಚ್ಚುತ್ತಿದೆ.

ಊರವರೂ ಹೆಸರಿಡುವುದರಲ್ಲಿ ಸಾಮಾನ್ಯರಲ್ಲ. ಪಾರ್ಥೇನಿಯಂಗೆ ಕಾಂಗ್ರೆಸ್ ಗಿಡ ಎಂದು ಇಟ್ಟು ಎಷ್ಟೋ ವರ್ಷವಾಯಿತು. ಸರ್ಕಾರ ಎಷ್ಟು ಸಲ ಬದಲಾದರೂ ಗಿಡ ಪಕ್ಷಾಂತರ ಮಾಡಿಲ್ಲ; ಅಷ್ಟು ನಿಷ್ಠೆ ವಿಧಾನಸೌಧದಲ್ಲೂ ಸಿಗದು. ಇದೆಲ್ಲ ಅಶಾಸ್ತ್ರೀಯ ಎಂದು ಮೂಗು ಮುರಿಯುವವರಿಗೆ ಲ್ಯಾಟಿನ್ ಹೆಸರಿಡುವ ಪದ್ಧತಿ ಹಾಕಿಕೊಟ್ಟ ಸಾಕ್ಷಾತ್ ಲಿನೇಯಸ್‌ನ ಕಥೆ ಹೇಳಬೇಕು. ತನ್ನನ್ನು ಟೀಕಿಸಿದ ಸೀಗೆಸ್‌ಬೆಕ್ ಎಂಬ ವಿದ್ವಾಂಸನ ಹೆಸರನ್ನು ಆತ ಒಂದು ಕಳೆಗಿಡಕ್ಕೆ ಅಂಟಿಸಿ ಸೇಡು ತೀರಿಸಿಕೊಂಡ ಎನ್ನುತ್ತಾರೆ.

ಇತ್ತೀಚೆಗೆ ಬಿಳಿಗಿರಿರಂಗನ ಬೆಟ್ಟದಲ್ಲಿ ಸಿಕ್ಕ ಕಣಜವೊಂದಕ್ಕೆ ಸೋಲಿಗ ಎಕ್ಯಾರಿನೇಟ ಎಂದು ಹೆಸರಾಗಿದೆ. ಆ ಬೆಟ್ಟದ ಬುಡಕಟ್ಟಿನವರಾದ ಸೋಲಿಗರಿಗೆ ಗೌರವವೆಂದು ಅಟ್ರೀ ಸಂಸ್ಥೆಯ ವಿಜ್ಞಾನಿಗಳು ಇಟ್ಟದ್ದು, ಒಳ್ಳೆಯದೇ. 1974ರಲ್ಲಿ ಅಭಯಾರಣ್ಯ ಘೋಷಣೆಯಾದ ಮೇಲೆ ಕಾಡಿನೊಳಗಿನ ತಮ್ಮ ಹಾಡಿಗಳಾದ ಪೋಡುಗಳಿಂದ ಎಬ್ಬಿಸಿದ ಸೋಲಿಗರಿಗೆ ಅದೇ ಕಾಡಿನ ಸಮುದಾಯ ಹಕ್ಕುಪತ್ರ ಸಿಕ್ಕಿದ್ದು 2011ರಲ್ಲಿ. ಕಣಜಕ್ಕೆ ಕಚೇರಿ ಅಲೆಯುವ ತಾಪತ್ರಯವೇ ಇರಲಿಲ್ಲ.