ಬಾಲಕ್ಕೊಂದು ಅಂಕ

ಮನುಷ್ಯ ಎಷ್ಟೇ ನೆಟ್ಟಗೆ ನಡೆದರೂ ಬಿಬಿಬಿ ಪರೀಕ್ಷೆಯಲ್ಲಿ 19ರ ಮೇಲೆ ಏರಲಾರ. 20 ಬೇಕೆಂದರೆ ಬಾಲ ಎತ್ತಿ ನಡೆಯಬೇಕು.

ಬ್ಯಾಸೊ, ಬೀಟಿ, ಬ್ರೆಸ್ನಹಾನ್ ಎಂಬ ಮೂವರು 1995ರಲ್ಲಿ ಅಮೆರಿಕದ ಓಹಾಯೊದಲ್ಲಿ ಇಲಿಗಳಿಗೆಂದು ಮಾಡಿದ ಅಂಕಪಟ್ಟಿ ಇದು. ಇಲಿಯ ಬೆನ್ನುಹುರಿಯ ಮೇಲೆ ಹತ್ತು ಗ್ರಾಂ ಸರಳನ್ನು ಅಳೆದ ಎತ್ತರದಿಂದ ಬೀಳಿಸಿ, ಔಷಧ ಕೊಟ್ಟು, ವಾರಗಳ ಕಾಲ ಕಾಯುತ್ತಾರೆ. ಆಗಾಗ ದುಂಡನೆಯ ತೊಟ್ಟಿಗೆ ಬಿಟ್ಟು, ಇಬ್ಬರು ಪರೀಕ್ಷಕರು ನಾಲ್ಕು ನಿಮಿಷ ಹಿಂಗಾಲನ್ನೇ ದಿಟ್ಟಿಸಿ, ಸೊನ್ನೆಯಿಂದ 21ರೊಳಗೆ ಅಂಕ ಹಾಕುತ್ತಾರೆ. ನಮ್ಮ ಡಿಗ್ರಿ ಉತ್ತರಪತ್ರಿಕೆಗಳಿಗೆ ಇಷ್ಟು ಹೊತ್ತು ಸಿಕ್ಕಿದ್ದರೆ ಮರುಮೌಲ್ಯಮಾಪನದ ಫೀಸಾದರೂ ಉಳಿಯುತ್ತಿತ್ತು.

ಪಟ್ಟಿ ಕೆಟ್ಟದ್ದೇನಲ್ಲ. ಇಲಿಯ ನಡಿಗೆಯನ್ನು ಸೂಕ್ಷ್ಮವಾಗಿ ನೋಡಲು ಅದು ಕಲಿಸಿತು. ಆದರೆ 8ರಿಂದ 9ಕ್ಕೆ ಏರಲು ಇಲಿ ಹಿಂಗಾಲ ಮೇಲೆ ಮೈಭಾರ ಹೊರಬೇಕು. 19ರಿಂದ 20ಕ್ಕೆ ಏರಲು ಬಾಲ ಇಳಿಬಿಡದಿದ್ದರೆ ಸಾಕು. ಎರಡಕ್ಕೂ ಒಂದೊಂದೇ ಅಂಕ! ಇದು ಮೆಟ್ಟಿಲಿನ ನಂಬರೇ ಹೊರತು ಮೆಟ್ಟಿಲಿನ ಎತ್ತರವಲ್ಲ ಎಂದು ಗೊತ್ತಿದ್ದವರೂ ಕೂಡಿಸಿ ಭಾಗಿಸುತ್ತಾರೆ. ಒಂದು ಇಲಿಗೆ ಸೊನ್ನೆ, ಇನ್ನೊಂದಕ್ಕೆ 18, ಸರಾಸರಿ 9. ಅಣ್ಣ ಎಂಎ, ತಮ್ಮ ಶಾಲೆಯ ಮೆಟ್ಟಿಲು ಹತ್ತಿಲ್ಲ. ಆದ್ದರಿಂದ ಇಬ್ಬರೂ ಎಸ್ಸೆಸ್ಸೆಲ್ಸಿ.

ಇನ್ನೊಂದು ಗುಟ್ಟಿದೆ. ಪೆಟ್ಟು ಹಗುರವಾಗಿದ್ದರೆ ಔಷಧವಿಲ್ಲದೆಯೂ ಇಲಿ ಕೆಲವೇ ವಾರಗಳಲ್ಲಿ ಎದ್ದು ಹೆಜ್ಜೆ ಹಾಕುತ್ತದೆ. ಯಾವ ಇಲಿಗೆ ಮದ್ದು ಬಿದ್ದಿದೆಯೆಂದು ಪರೀಕ್ಷಕನಿಗೆ ಮೊದಲೇ ತಿಳಿದಿದ್ದರಂತೂ ಅರ್ಧ ಅಂಕ ತಾನಾಗಿ ಜಾರಿ ಬೀಳುತ್ತದೆ, ಸೋದರಳಿಯನ ಪೇಪರಿಗೆ ಬಿದ್ದಂತೆ. ಅಮೆರಿಕ ಸರ್ಕಾರವೇ ದುಡ್ಡು ಕೊಟ್ಟು ಬೆನ್ನುಹುರಿಯ ಹೆಸರಾಂತ ಪ್ರಯೋಗಗಳನ್ನು ಮತ್ತೆ ಮಾಡಿಸಿತು. 2012ರಲ್ಲಿ ಆ ಲೆಕ್ಕ ಒಟ್ಟಾಗಿ ಹೊರಬಂದಾಗ, ಹೆಚ್ಚಿನವು ಮೊದಲ ಸಲದ ಫಲ ಕೊಟ್ಟಿರಲಿಲ್ಲ. ಅಷ್ಟರಲ್ಲಿ 'ಬೆನ್ನು ಮುರಿದ ಇಲಿ ನಡೆಯಿತು' ಎಂಬ ತಲೆಬರಹಗಳೆಲ್ಲ ರದ್ದಿಗೆ ಹೋಗಿಯಾಗಿತ್ತು.

ಗಾಯಾಳುಗಳನ್ನೂ ಒಬ್ಬರು ಕೇಳಿದ್ದುಂಟು. ಸ್ವತಃ ಬೆನ್ನುಹುರಿಗೆ ಪೆಟ್ಟಾಗಿರುವ ಕಿಮ್ ಆ್ಯಂಡರ್ಸನ್ 681 ಮಂದಿಯನ್ನು ವಿಚಾರಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೈಕಾಲು ನಾಲ್ಕೂ ಸೋತವರಲ್ಲಿ ಅತಿ ಹೆಚ್ಚು ಮಂದಿ ಮೊದಲು ಬೇಡಿದ್ದು ಕೈ. ಸೊಂಟದಿಂದ ಕೆಳಗೆ ಸೋತವರಲ್ಲಿ ಅತಿ ಹೆಚ್ಚು ಮಂದಿ ಮೊದಲಿಗಿಟ್ಟದ್ದು ದಾಂಪತ್ಯಸುಖ. ಮಲಮೂತ್ರದ ಹಿಡಿತ ಇಬ್ಬರಿಗೂ ಬೇಕಿತ್ತು. ನಡಿಗೆ ಯಾವ ಗುಂಪಿನ ಪಟ್ಟಿಯಲ್ಲೂ ಮೊದಲಿರಲಿಲ್ಲ.

ಇತ್ತ ಲ್ಯಾಬಿನಲ್ಲಿ ಬೆಳಗಾಯಿತು. ರಿಸರ್ಚ್ ವಿದ್ಯಾರ್ಥಿನಿ ಪಂಜರದಿಂದ ಇಲಿಯನ್ನೆತ್ತಿ, ಹೊಟ್ಟೆಯಡಿ ಎರಡು ಬೆರಳಿಟ್ಟು, ಉಬ್ಬಿದ ಮೂತ್ರಕೋಶವನ್ನು ಮೆತ್ತಗೆ ಒತ್ತುತ್ತಾಳೆ. ಅದಕ್ಕೆ ತಾನಾಗಿ ಉಚ್ಚೆ ಹೊಯ್ಯಲಾಗದು; ದಿನಕ್ಕೆ ಎರಡು ಮೂರು ಸಲ, ಭಾನುವಾರವೂ ಸೇರಿ, ಇದೇ ಸೇವೆ. ಟಿಶ್ಯೂ ಒದ್ದೆಯಾಗುತ್ತದೆ. ಬಿಬಿಬಿ ಪಟ್ಟಿಯಲ್ಲಿ ಅದಕ್ಕೆ ಅಂಕವಿಲ್ಲ. ಕೈ ತೊಳೆದು, ಇಲಿಯನ್ನು ತೊಟ್ಟಿಗೆ ಬಿಟ್ಟು, ಪೆನ್ನಿನ ಕ್ಯಾಪು ತೆಗೆದು ಬಾಲದತ್ತ ನೋಡುತ್ತಾಳೆ.