ಮೂವರಲ್ಲೊಬ್ಬ ಸೋಮಾರಿ

ಹಳೇ ಓಮ್ನಿ ಪೆಟ್ರೋಲ್ ಕುಡಿಯುತ್ತಿದೆ, ನಿಂತಲ್ಲೇ ಗಡಗಡ ನಡುಗುತ್ತಿದೆ ಎಂದು ಬಾಯಿತಪ್ಪಿ ಹೇಳಿ ನೋಡಿ. ಬೀದಿಗೆ ಬೀದಿಯೇ ವೈದ್ಯರಾಗುತ್ತದೆ. ಒಬ್ಬರು ಬಂಕಿನವನನ್ನು ಬೈಯುತ್ತಾರೆ. ಇನ್ನೊಬ್ಬರು, ‘ಮಾರಿಬಿಡಿ ಸ್ವಾಮಿ.’ ಕೊಳ್ಳುವವರು ಯಾರೆಂದು ಮಾತ್ರ ಹೇಳುವುದಿಲ್ಲ.

ಮೆಕ್ಯಾನಿಕ್ ಮಾತಿಲ್ಲದೆ ಮುಂದಿನ ಸೀಟನ್ನೇ ಎತ್ತುತ್ತಾನೆ. ಓಮ್ನಿಯ ಎಂಜಿನ್ ಇರುವುದು ಅಲ್ಲೇ. ಬೇಸಿಗೆಯಲ್ಲಿ ಕೂತವರಿಗೆ ಬೇರೆ ಹೇಳಬೇಕಿಲ್ಲ. 796 ಸಿಸಿ, ಮೂರೇ ಸಿಲಿಂಡರ್. ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರುಗಳನ್ನು ಒಂದೊಂದಾಗಿ ಕೀಳುತ್ತಾನೆ (ನೀವು ಮಾಡಲು ಹೋಗಬೇಡಿ, ಕೈ ಜುಂ ಎನ್ನುತ್ತದೆ). ಕಿತ್ತಾಗ ಇನ್ನಷ್ಟು ತೊದಲಿದರೆ ಆ ಸಿಲಿಂಡರ್ ದುಡಿಯುತ್ತಿತ್ತು ಎಂದರ್ಥ. ಏನೂ ವ್ಯತ್ಯಾಸವಾಗದಿದ್ದರೆ ಕಳ್ಳ ಸಿಕ್ಕ! ರಜೆ ಹಾಕಿದರೂ ಯಾರಿಗೂ ಗೊತ್ತಾಗದ ಗುಮಾಸ್ತನ ಹಾಗೆ; ಸಂಬಳ ಮಾತ್ರ ಪೂರ್ತಿ. ತನ್ನ ಪಾಲಿನ ಪೆಟ್ರೋಲ್ ಎಳೆದುಕೊಂಡು, ಸುಡದೆ, ಸೈಲೆನ್ಸರಿನಿಂದ ಆಚೆ ದಾಟಿಸುತ್ತಾನೆ.

ಪ್ಲಗ್ ಬಿಚ್ಚಿದರೆ ಮಸಿ, ಅಂದರೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಏರ್ ಫಿಲ್ಟರ್ ಕಟ್ಟಿರಬಹುದು; ಕಾರ್ಬುರೇಟರ್ ಕಾಲದ ಗಾಡಿಯಾದರೆ ಚೋಕ್ ಸಿಕ್ಕಿಕೊಂಡಿರಬಹುದು. ನಡುಗದೆ ಬರೀ ಪೆಟ್ರೋಲ್ ಕುಡಿಯುವ ಗಾಡಿಯಾದರೆ ಮಾತ್ರ, ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕು ಇವನ್ನು ನೋಡದೆ ಎಂಜಿನ್ನಿಗೇ ಕೈಹಾಕುವವನನ್ನು ನಂಬಬೇಡಿ.

ಇಷ್ಟಾದರೂ ಮೈಲೇಜ್ ಬರದಿದ್ದರೆ ಒಮ್ಮೆ ಹಿಂದೆ ತಿರುಗಿ ನೋಡಿ: ಐದು ಸೀಟಿಗೆ ಒಂಬತ್ತು ನೆಂಟರು, ಮೇಲೆ ಎರಡು ಹಲಸಿನಹಣ್ಣು.