ಎಂಟೂವರೆ ಅಡಿಯ ಸರ್ಕಾರ

ಅಮೆರಿಕದ ಮಿಸೌರಿಯ ಓಜಾರ್ಕ್ ಗುಡ್ಡಗಳಲ್ಲೋ ಐಡಹೋದ ಉತ್ತರದ ಕಾಡಂಚಿನಲ್ಲೋ ಹತ್ತು ಎಕರೆ ಜಮೀನು ಕೊಂಡು, ಅಲ್ಲಿಗೊಂದು ಟ್ರೈಲರ್ ಎಳೆದು ತಂದು ನಿಲ್ಲಿಸಿ, ಹೆಂಡತಿ ಮತ್ತು ಆರು ಮಕ್ಕಳನ್ನು ಅದರೊಳಗೆ ತುಂಬಿ, ‘ಮನೆ ಏಳುವವರೆಗೆ ಇಲ್ಲೇ’ ಎಂದು ಸಾರುವ ಗೃಹಸ್ಥನೊಬ್ಬನಿದ್ದಾನೆ. ಗಡ್ಡ ಉಂಟು, ದಪ್ಪ ಬಟ್ಟೆಯ ಪ್ಯಾಂಟು ಉಂಟು, ಸೊಂಟದಲ್ಲಿ ಅಳತೆ ಟೇಪು ಉಂಟು. ಯಾಕಯ್ಯಾ ಬಂದೆ ಎಂದರೆ ಉತ್ತರ ಸಿದ್ಧ: ಸ್ವಾತಂತ್ರ್ಯಕ್ಕೆ. ಬ್ಯಾಂಕಿನ ಮೂವತ್ತು ವರ್ಷದ ಸಾಲ ಬೇಡ, ಅಂಗಳದ ಹುಲ್ಲು ಎಷ್ಟು ಇಂಚು ಬೆಳೆಯಬಹುದೆಂದು ಅಪ್ಪಣೆ ಕೊಡುವ ಬಡಾವಣೆ ಸಂಘ ಬೇಡ, ಮೇಲಧಿಕಾರಿಯಂತೂ ಬೇಡವೇ ಬೇಡ. ಆತ ಸುಳ್ಳು ಹೇಳುತ್ತಿಲ್ಲ. ಆದರೆ ಸರ್ಕಾರದ ಕೈಗೆ ಸಿಗದಂತೆ ಓಡಿಬಂದ ಈ ಮನುಷ್ಯ ತಾನೇ ನಡೆಸುತ್ತಿರುವುದು ಭೂಮಿಯ ಮೇಲಿನ ಅತಿ ಬಿಗಿಯಾದ ಸರ್ಕಾರ ಎಂಬುದು ನನ್ನ ವಾದ.

ಸಾಕ್ಷ್ಯ ಟ್ರೈಲರಿನ ಒಳಗೇ ಇದೆ. ಹೆದ್ದಾರಿಯ ನಿಯಮಕ್ಕೆ ತಲೆಬಾಗಿ ಅದರ ಅಗಲ ಎಂಟೂವರೆ ಅಡಿ ಮೀರುವುದಿಲ್ಲ. ಉದ್ದ ಮೂವತ್ತಡಿ ಎಂದು ಉದಾರವಾಗಿ ಹಿಡಿದರೂ 255 ಚದರಡಿ, ಅಂದರೆ ಬೆಂಗಳೂರಿನ 30×40 ಸೈಟಿನ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು. ಅದರಲ್ಲಿ ಎಂಟು ಜನ. ಊಟದ ಮೇಜಿನ ಕಾಲು ತೆಗೆದು, ಹಲಗೆಯನ್ನು ಎರಡು ಬೆಂಚುಗಳ ನಡುವೆ ಇಳಿಸಿ, ಮೇಲೆ ಮೆತ್ತೆ ಜೋಡಿಸಿದರೆ ಅದೇ ಹಾಸಿಗೆ. ಹಾಗಾಗಿ ನಾಲ್ಕನೆಯವನಿಗೆ ನಿದ್ದೆ ಬಂತೆಂದರೆ ಇಡೀ ಸಂಸಾರದ ಊಟ ಮುಗಿದಂತೆ. ಮೂರನೆಯವಳ ಗಣಿತ, ಅಪ್ಪನ ನಕ್ಷೆ, ಅಮ್ಮ ನಾದುತ್ತಿದ್ದ ಬ್ರೆಡ್ಡಿನ ಹಿಟ್ಟು, ಎಲ್ಲಕ್ಕೂ ಅಲ್ಲಿಗೇ ಮಂಗಳ. ಬಿಸಿನೀರಿನ ಟ್ಯಾಂಕು ಹಿಡಿಯುವುದು ಸಾಮಾನ್ಯವಾಗಿ ಆರು ಗ್ಯಾಲನ್, ಸುಮಾರು 23 ಲೀಟರ್. ಮೈ ನೆನೆಸು, ನಲ್ಲಿ ನಿಲ್ಲಿಸು, ಸೋಪು ಹಚ್ಚು, ನಲ್ಲಿ ತಿರುಗಿಸು ಎಂಬ ಸೂತ್ರವನ್ನು ಐದು ವರ್ಷದ ಕೂಸೂ ಕಂಠಪಾಠ ಒಪ್ಪಿಸುತ್ತದೆ. ನೆಲದಡಿ ಇನ್ನೆರಡು ಟ್ಯಾಂಕುಗಳು: ಪಾತ್ರೆ ತೊಳೆದ ನೀರಿಗೆ ಬೂದು, ಪಾಯಿಖಾನೆಗೆ ಕಪ್ಪು. ಕಪ್ಪು ಟ್ಯಾಂಕಿನ ಮಟ್ಟ ತೋರಿಸುವ ದೀಪವನ್ನು ನಂಬಿ ಕೆಟ್ಟವರೇ ಹೆಚ್ಚು. ಆದ್ದರಿಂದ ಯಾರು ಎಷ್ಟು ಸಲ ಹೋದರೆಂಬ ಲೆಕ್ಕ ಮನೆಯಾಕೆಯ ತಲೆಯಲ್ಲಿ. ಚಳಿಗಾಲದಲ್ಲಿ ಎಂಟು ಮಂದಿಯ ಉಸಿರೂ ಗ್ಯಾಸ್ ಒಲೆಯ ಹಬೆಯೂ ಸೇರಿ ಗೋಡೆ ಬೆವರುತ್ತದೆ, ಹಾಸಿಗೆಯಡಿ ಬೂಷ್ಟು ಹಿಡಿಯುತ್ತದೆ. ಆಗ ಉಸಿರಿಗೂ ಕಾಯಿದೆ: ಎಷ್ಟೇ ಚಳಿಯಿರಲಿ, ಕಿಟಕಿ ಒಂದು ಬೆರಳು ತೆರೆದಿರಬೇಕು. ಪ್ರಜೆಗಳ ಸ್ನಾನ, ನಿದ್ದೆ, ಶೌಚ, ಉಸಿರುಗಳನ್ನು ಯಾವ ನಗರಸಭೆ ಇಷ್ಟು ಹತ್ತಿರದಿಂದ ಆಳಿದೆ?

ಇತಿಹಾಸವೂ ನನ್ನ ಕಡೆಗಿದೆ. ತನ್ನ ಕುಲಮೂಲ ಹೇಳುವಾಗ ಈತ ಬೊಟ್ಟು ಮಾಡುವುದು 1862ರ ಹೋಮ್‌ಸ್ಟೆಡ್ ಕಾಯಿದೆಯತ್ತ. ಲಿಂಕನ್ ಸಹಿ ಹಾಕಿದ ಆ ಕಾಯಿದೆ 160 ಎಕರೆ ಕೊಡುತ್ತಿತ್ತು, ನಿಜ; ಆದರೆ ಐದು ವರ್ಷ ಅಲ್ಲೇ ವಾಸ, ಸಾಗುವಳಿ, ಇಬ್ಬರು ಸಾಕ್ಷಿ, ಶುಲ್ಕ, ಕೊನೆಗೆ ಸರ್ಕಾರದ ಪಟ್ಟಾ. ಸ್ವಾವಲಂಬನೆಯ ಆ ಪುರಾಣಪುರುಷ ಹುಟ್ಟಿದ್ದೇ ಭೂಕಚೇರಿಯ ಕಟಕಟೆಯ ಮುಂದೆ. (ಆ ನೆಲ ಅದಕ್ಕೂ ಮೊದಲು ಯಾರದಿತ್ತೆಂದು ಮೂಲನಿವಾಸಿಗಳನ್ನು ಕೇಳಬೇಕು, ಅದು ನಗುವ ವಿಷಯವಲ್ಲ.) ನೆಬ್ರಾಸ್ಕಾದ ಕಡೆ ಗಾಲಿಗಳ ಮೇಲೊಂದು ಪುಟ್ಟ ಮನೆ ಕಟ್ಟಿ, ಎತ್ತು ಹೂಡಿ, ಒಬ್ಬನ ಜಮೀನಿನಿಂದ ಇನ್ನೊಬ್ಬನದಕ್ಕೆ ದಿನಬಾಡಿಗೆಗೆ ಎಳೆಯುತ್ತಿದ್ದರಂತೆ. ‘ಈ ಜಮೀನಿನಲ್ಲಿ ಮನೆಯಿದೆ’ ಎಂದು ಪ್ರಮಾಣ ಮಾಡಲು ಅಷ್ಟು ಸಾಕು. ಇಂದಿನ ಟ್ರೈಲರಿನ ನಿಜವಾದ ಮುತ್ತಜ್ಜ ಅದೇ. ಪುಕ್ಕಟೆ ಭೂಮಿ 1976ರಲ್ಲಿ ನಿಂತಿತು, ಅಲಾಸ್ಕಕ್ಕೆ ಮಾತ್ರ ಇನ್ನೂ ಹತ್ತು ವರ್ಷ ಸಿಕ್ಕಿತು. ಈಗ ನೆಲಕ್ಕೂ ದುಡ್ಡು, ಕೊಳವೆಬಾವಿಗೂ ದುಡ್ಡು. ಟ್ರೈಲರಿನಲ್ಲಿ ವಾಸ ಮಾಡಲಿಕ್ಕೇ ತಾತ್ಕಾಲಿಕ ಪರವಾನಗಿ ಕೇಳುವ ಕೌಂಟಿಗಳೂ ಇವೆ.

‘ಇದೆಲ್ಲ ನಾಲ್ಕು ದಿನದ ಮಾತು, ಮನೆ ಎದ್ದರೆ ಮುಗಿಯಿತಲ್ಲ’ ಎನ್ನಬಹುದು. ಮನೆ ಕಟ್ಟಿ ನೋಡು ಎಂದ ನಮ್ಮ ಹಿರಿಯರು ಅದನ್ನು ಮದುವೆಯ ಪಕ್ಕದಲ್ಲಿ ಇಟ್ಟದ್ದು ಸುಮ್ಮನೆ ಅಲ್ಲ. ಸಾಲವಿಲ್ಲದೆ ಕಟ್ಟುವವನ ಮನೆ ಸಂಬಳದ ವೇಗದಲ್ಲಿ ಏಳುತ್ತದೆ. ಶನಿವಾರ ಮರ ತಂದರೆ ಭಾನುವಾರ ಮಳೆ; ಉತ್ತರದ ಕಡೆಯಾದರೆ ಚಳಿಗೆ ನೆಲವೇ ಹೆಪ್ಪುಗಟ್ಟಿ ಪಾಯದ ಕೆಲಸ ನಿಲ್ಲುತ್ತದೆ. ಅಷ್ಟರಲ್ಲಿ ಅಂಚೆಯಲ್ಲಿ ತರಿಸಿದ ಕೋಳಿಮರಿಗಳು ಬೆಳೆದು ನಿಂತಿರುತ್ತವೆ, ನರಿ ಹೊಂಚು ಹಾಕಿರುತ್ತದೆ. ಆದ್ದರಿಂದ ಮೊದಲು ಕೋಳಿಗೂಡು, ಆಮೇಲೆ ಮೇಕೆ ಕೊಟ್ಟಿಗೆ. ಕೋಳಿಯೊಂದಕ್ಕೆ ಗೂಡಿನೊಳಗೆ ನಾಲ್ಕು ಚದರಡಿ, ಹೊರಗೆ ಹತ್ತು ಎಂಬ ಸಾಕಣೆಗಾರರ ರೂಢಿಯನ್ನು ಈತ ಚಾಚೂ ತಪ್ಪದೆ ಪಾಲಿಸುತ್ತಾನೆ. ಮಕ್ಕಳಿಗೆ ಇಷ್ಟೆಂದು ಯಾರೂ ಬರೆದಿಟ್ಟಿಲ್ಲ. ಮನೆಯಂತೂ ಮರದ ಚೌಕಟ್ಟಿಗೆ ಬಿಳಿ ಹೊದಿಕೆ ಸುತ್ತಿಕೊಂಡು, ಹೊದಿಕೆ ಕಂಪನಿಯ ಹೆಸರನ್ನು ಊರಿಗೆಲ್ಲ ಸಾರುತ್ತ, ಎರಡನೆಯ ಚಳಿಗಾಲಕ್ಕೆ ಕಾಲಿಡುತ್ತದೆ. ಸಾಲವಿಲ್ಲ ಎಂಬ ಮಾತಿಗೆ ಮಾತ್ರ ನಾನು ಎದುರಾಡುವುದಿಲ್ಲ. ಮೂವತ್ತು ವರ್ಷ ಬಡ್ಡಿ ಕಟ್ಟುವುದಕ್ಕಿಂತ ಮೂರು ವರ್ಷ ಸೋಪು ಹಚ್ಚಿಕೊಂಡು ನಡುಗುವುದು ಮೇಲು ಎಂದರೆ ಲೆಕ್ಕ ಸರಿಯೇ. ಆದರೆ ಅದು ಉಳಿತಾಯ. ಅದನ್ನು ಸ್ವಾತಂತ್ರ್ಯದ ಖಾತೆಗೆ ಜಮಾ ಮಾಡಬಾರದು.

ಇನ್ನೊಂದು ತಕರಾರು ನಮ್ಮವರದೇ: ಬೆಂಗಳೂರು, ಮೈಸೂರಿನ ವಠಾರಗಳಲ್ಲಿ ಒಂದೂವರೆ ಕೋಣೆಯಲ್ಲಿ ಹತ್ತು ಜನ ಬಾಳಲಿಲ್ಲವೇ? ಬಾಳಿದರು. ಆದರೆ ಅವರಿಗೆ ಜಗುಲಿಯಿತ್ತು, ನಡುವೆ ಅಂಗಳವಿತ್ತು, ಮುನಿಸಿಕೊಂಡವರು ಹೋಗಿ ಕೂರಲು ಪಕ್ಕದ ಮನೆಯಿತ್ತು. ಟ್ರೈಲರಿನ ಗಂಡಹೆಂಡಿರು ಜಗಳವಾಡಬೇಕಾದರೆ ಟ್ರಕ್ಕಿನೊಳಗೆ ಹೋಗಿ ಗಾಜು ಏರಿಸಬೇಕು. ಹೊರಗೆ ಹತ್ತು ಎಕರೆ ಇದೆಯಲ್ಲ ಎಂದರೆ, ಜನವರಿಯಲ್ಲಿ ಅದು ಹಿಮ, ಮಾರ್ಚಿನಲ್ಲಿ ಕೆಸರು. ಇಷ್ಟರ ನಡುವೆಯೂ ಮಕ್ಕಳು ಸರದಿ ಕಾಯುವುದು, ಹಂಚಿಕೊಳ್ಳುವುದು, ದೂರು ದಾಖಲಿಸುವುದು ಎಲ್ಲ ಕಲಿಯುತ್ತಾರೆ. ಅವರಲ್ಲೊಬ್ಬರಾದರೂ ಮುಂದೆ ಒಳ್ಳೆಯ ಪುರಸಭೆ ಅಧಿಕಾರಿ ಆಗುವುದು ಖಂಡಿತ. ಎಂದಾದರೂ ಇಂಥವರಲ್ಲಿಗೆ ಹೋಗುವ ಯೋಗ ಬಂದರೆ ತಪ್ಪಿಸಬೇಡಿ. ಆದರಕ್ಕೆ ಕೊರತೆಯಿಲ್ಲ, ಮೊಟ್ಟೆ ಅಂದಂದಿನದು. ಸ್ನಾನ ಮಾತ್ರ ಮುಗಿಸಿಕೊಂಡೇ ಹೊರಡಿ. ಮನೆ ಯಾವಾಗ ಮುಗಿಯುತ್ತದೆಂದು ಹೆಂಡತಿಯ ಎದುರಿಗೆ ಅವನನ್ನು ಕೇಳಬೇಡಿ.